ತಾಮ್ರದ ನಾಡಿನಲ್ಲಿ ನಮ್ಮ ಪಂಪು

ಹೊರಡುವ ಮೊದಲು

ಜಾಂಬಿಯಾಕ್ಕೆ ನಾನು ಹೋಗಬೇಕಾಗಿರಲಿಲ್ಲ. ಹೋಗಬೇಕಾಗಿದ್ದವನು ನನ್ನ ತಮ್ಮ ಶಿವು. ಅವನು ಟಿಕೆಟ್ ಬಂದ ವಾರವೇ ನಾಗಸಂದ್ರ ಮೆಟ್ರೋ ನಿಲ್ದಾಣದ ಕೆಳಗೆ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ಪ್ಲಾಸ್ಟರ್ ಇನ್ನೂ ಒಣಗುವ ಮೊದಲೇ, "ಅಕ್ಕ, ನೀನೇ ಹೋಗ್ಬಿಟ್ಟು ಬಾ, ಏನ್ ಮಹಾ" ಎಂದ. ಜಯನಗರಕ್ಕೆ ಹೋಗಿ ಬಾ ಎಂದ ಹಾಗಿತ್ತು.

ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ ನಾವು ಗಣಿಗಳಿಗೆ ಪಂಪ್ ತಯಾರಿಸುತ್ತೇವೆ. ನೀರೆತ್ತುವ ಪಂಪಲ್ಲ. ಗಣಿಯಲ್ಲಿ ಕಲ್ಲನ್ನು ನುಣ್ಣಗೆ ಅರೆದು ನೀರಿಗೆ ಕಲಸುತ್ತಾರೆ. ಆ ಕಲ್ಲಿನ ಗಂಜಿಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ನೂಕುವ ಪಂಪು. ಜಾಂಬಿಯಾದ ಒಂದು ತಾಮ್ರದ ಗಣಿ ವರ್ಷಗಳಿಂದ ನಮ್ಮಿಂದಲೇ ಕೊಳ್ಳುತ್ತಿತ್ತು. ಶೆಡ್ಡಿನ ಅರ್ಧ ಕೆಲಸ ಅವರದ್ದೇ. ಈಗ ಅಲ್ಲಿಂದ ಒಂದು ಮೇಲ್ ಬಂದಿತ್ತು: ನಿಮ್ಮ ಪಂಪಿನ ಸೀಲು ಸಿಡಿದು ನಮ್ಮ ಕಾರ್ಮಿಕನಿಗೆ ಗಾಯವಾಗಿದೆ, ಬಂದು ಕಾರಣ ವಿವರಿಸಿ.

ಸೀಲು ನಾನೇ ವಿನ್ಯಾಸ ಮಾಡಿದ್ದು. ಹಾಗಾಗಿ ರಾತ್ರಿ ನಿದ್ದೆ ಇರಲಿಲ್ಲ, ಹಗಲು ಸಮಾಧಾನ ಇರಲಿಲ್ಲ. ಇದರ ನಡುವೆ ಮುನಿರಾಜು ಬಂದು, "ನಿನ್ನೊಬ್ಳನ್ನೇ ಅಷ್ಟ್ ದೂರ ಕಳ್ಸಕ್ಕಾಯ್ತದಾ ರೇಣುಕಕ್ಕ? ನಾನೂ ಬತ್ತೀನಿ" ಎಂದು ಘೋಷಿಸಿದ.

ಮುನಿರಾಜು ನಮ್ಮ ಪಾಲುದಾರ. ಅವನ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಮ್ಮ ಶೆಡ್ಡು ನಿಂತಿದೆ. ಟಿ. ದಾಸರಹಳ್ಳಿಯಲ್ಲಿ ಅವನಿಗೆ ಬಾಡಿಗೆ ಮನೆಗಳಿವೆ. ಪಂಪಿನ ವಿಷಯದಲ್ಲಿ ಅವನಿಗೆ ತಿಳಿದಿರುವುದು ಅದು ತಿರುಗುತ್ತದೆ ಎಂಬುದಷ್ಟೇ. ಬೇಡ ಎಂದೆ. ಅವನು ಅದಾಗಲೇ ಟಿಕೆಟ್ ಮಾಡಿಸಿದ್ದ.

ಎನ್‌ಡೋಲಾ ವಿಮಾನ ನಿಲ್ದಾಣ

ಇಳಿದು ಅರ್ಧ ಗಂಟೆಯೊಳಗೆ ನಾವು ಸುಂಕದ ಅಧಿಕಾರಿಯ ಮೇಜಿನ ಮುಂದೆ ನಿಂತಿದ್ದೆವು. ತಪ್ಪು ನನ್ನದಲ್ಲ. ನನ್ನ ಪೆಟ್ಟಿಗೆಯಲ್ಲಿದ್ದ, ಪಂಪಿನ ದಂಡಕ್ಕೆ ತೊಡಿಸುವ ಉಕ್ಕಿನ ಸ್ಲೀವು, ಹಗ್ಗದ ಸೀಲಿನ ಸುರುಳಿ, ಸ್ಪ್ಯಾನರುಗಳೆಲ್ಲ ಸಲೀಸಾಗಿ ಪಾರಾದವು. ಸಿಕ್ಕಿಬಿದ್ದದ್ದು ಮುನಿರಾಜುವಿನ ಚೀಲ. ಅದರ ತುಂಬ ರಾಗಿ ಹಿಟ್ಟು.

"ಇದೇನು?" ಎಂದರು ಅಧಿಕಾರಿ, ಕಂದು ಹಿಟ್ಟನ್ನು ಪೆನ್ನಿನ ತುದಿಯಿಂದ ಕೆದಕುತ್ತಾ.

"ಫುಡ್ ಸಾರ್, ಫುಡ್" ಎಂದ ಮುನಿರಾಜು. ಅವರು ನಂಬಲಿಲ್ಲ. ಇನ್ನೊಬ್ಬರನ್ನು ಕರೆದರು. ಅವರು ಮೂಸಿ ನೋಡಿ ಮೂರನೆಯವರನ್ನು ಕರೆದರು. ಕೊನೆಗೆ ಮುನಿರಾಜು ಒಂದು ಹಿಡಿ ಹಿಟ್ಟನ್ನು ಬಾಟಲಿಯ ನೀರಿಗೆ ಹಾಕಿ ಗಲಗಲ ಅಲುಗಿಸಿ ಅವರೆದುರೇ ಗಟಗಟ ಕುಡಿದ. ಮೀಸೆಗೆಲ್ಲ ಹಿಟ್ಟು ಅಂಟಿತು. ಅಧಿಕಾರಿಗಳು ನಕ್ಕುಬಿಟ್ಟರು. ನಮ್ಮ ಕಡೆಯೂ ಇಂಥದೊಂದು ಧಾನ್ಯವಿದೆ, ನಮ್ಮಜ್ಜಿ ಬೆಳೆಯುತ್ತಿದ್ದಳು ಎಂದು ಒಬ್ಬರು ಶುರುಮಾಡಿದರು. ಮುನಿರಾಜು ಅವರ ಅಜ್ಜಿಯ ಊರು, ಹೊಲ, ಮಳೆ ಎಲ್ಲ ವಿಚಾರಿಸಿದ. ನಮ್ಮನ್ನು ಕರೆದೊಯ್ಯಲು ಬಂದಿದ್ದ ಗಣಿಯ ವ್ಯಾನು ಕಾದು ಕಾದು ಹೊರಟೇ ಹೋಗಿತ್ತು.

"ಇನ್ನೊಂದ್ ಬತ್ತದೆ ಬುಡಕ್ಕ" ಎಂದ ಅವನು. ಬಂತು, ಸಂಜೆಯ ಹೊತ್ತಿಗೆ. ದಾರಿಯುದ್ದಕ್ಕೂ ನಮ್ಮ ಕೋಲಾರದಂತೆಯೇ ಕೆಂಪು ಮಣ್ಣು, ಮನೆಯೆತ್ತರದ ಹುತ್ತಗಳು, ರಸ್ತೆ ಬದಿಯಲ್ಲಿ ಸಾಲಾಗಿ ನಿಲ್ಲಿಸಿದ ಇದ್ದಿಲಿನ ಮೂಟೆಗಳು. ನಾನು ಏನನ್ನೂ ಸಂತೋಷದಿಂದ ನೋಡುವ ಸ್ಥಿತಿಯಲ್ಲಿರಲಿಲ್ಲ.

ಗಣಿಯ ಬಾಗಿಲು

ಪೀಣ್ಯದಲ್ಲಿ ಯಾರ ಕಾರ್ಖಾನೆಗೆ ಹೋದರೂ "ಏನ್ ಸಾರ್, ಮಾಲ್ ರೆಡಿನಾ?" ಎನ್ನುವುದೇ ನಮಸ್ಕಾರ. ಆ ಅಭ್ಯಾಸದಲ್ಲಿ ನಾನು ಗಣಿಯ ಕಾವಲುಗಾರನ ಬಳಿ ನೇರವಾಗಿ ಹೋಗಿ, ಪಂಪ್‌ಹೌಸಿಗೆ ದಾರಿ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ನನ್ನನ್ನು ನೋಡಿ, "ಶುಭೋದಯ ಮೇಡಂ, ಹೇಗಿದ್ದೀರಿ?" ಎಂದ. ಚೆನ್ನಾಗಿದ್ದೇನೆ, ದಾರಿ ಯಾವುದು ಎಂದೆ. "ರಾತ್ರಿ ಚೆನ್ನಾಗಿ ನಿದ್ದೆ ಬಂತೇ?" ಎಂದ. ನಾನು ತಿರುಗಿ ಅವನ ನಿದ್ದೆಯನ್ನು ವಿಚಾರಿಸುವವರೆಗೂ ದಾರಿ ಹೇಳಲಿಲ್ಲ. ಪಾಸ್ ಬರೆಯುವವಳದ್ದೂ ಇದೇ ಕಥೆ, ಹೆಲ್ಮೆಟ್ ಕೊಡುವವನದ್ದೂ ಇದೇ ಕಥೆ. ಅಲ್ಲಿ ಕುಶಲ ವಿಚಾರಿಸದೆ ಕೆಲಸದ ಮಾತೆತ್ತಿದವರನ್ನು ಒರಟರೆಂದು ತಿಳಿಯುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಒಂದೇ ಬೆಳಿಗ್ಗೆ ಇಡೀ ಗಣಿಗೆ ನಾನು ಒರಟಳಾಗಿದ್ದೆ.

ನಮ್ಮ ಜೊತೆಗೆ ನೇಮಿಸಿದ್ದು ಚಿಲೇಶೆ ಎಂಬ ಸುರಕ್ಷತಾ ಅಧಿಕಾರಿಯನ್ನು. ಗಂಭೀರ ಮುಖದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿಯಮ ಎಂದರೆ ನಿಯಮ. ಮೊದಲು ಸುರಕ್ಷತೆಯ ಚಿತ್ರ ನೋಡಬೇಕು, ಆಮೇಲೆ ಪರೀಕ್ಷೆ. ನಾನು ಪಾಸಾದೆ. ಮುನಿರಾಜು ಚಿತ್ರ ನಡೆಯುವಾಗ ಪಕ್ಕದವನ ಜೊತೆ ಹರಟಿ ಫೇಲಾದ. ಅವನು ಇನ್ನೊಮ್ಮೆ ಚಿತ್ರ ನೋಡಿ ಮುಗಿಸುವವರೆಗೂ ನಾನು ಕಾಯಬೇಕಾಯಿತು. ನನ್ನ ಅಳತೆಯ ಬೂಟು ಇರಲಿಲ್ಲ. ಗಂಡಸರ ಬೂಟಿಗೆ ಎರಡೆರಡು ಕಾಲುಚೀಲ ತುರುಕಿಕೊಂಡು ಬಾತುಕೋಳಿಯ ಹಾಗೆ ನಡೆದೆ.

ಮಧ್ಯಾಹ್ನ ಊಟದ ಮನೆಯಲ್ಲಿ ತಟ್ಟೆಗೆ ಬಿಳಿಯ ಮುದ್ದೆ ಬಿತ್ತು. ಮೆಕ್ಕೆಜೋಳದ ಹಿಟ್ಟಿನದು, ಎನ್ಶಿಮಾ ಎನ್ನುತ್ತಾರೆ. ಜೊತೆಗೆ ಸೊಪ್ಪಿನ ಪಲ್ಯ. ಕೈಯಲ್ಲೇ ತಿನ್ನುತ್ತಾರೆ. ಮುನಿರಾಜುವಿನ ಕಣ್ಣು ತುಂಬಿ ಬಂತು. "ಅಕ್ಕ, ಮುದ್ದೆ! ಬಿಳೀದಾದ್ರೇನು, ಮುದ್ದೇನೇ ಕಣಕ್ಕ! ಹಿಟ್ ಹೊತ್ಕಂಡ್ ಬಂದಿದ್ದೇ ದಂಡ" ಎಂದ. ಎದುರಿಗೆ ಕೂತವನು ಮುದ್ದೆಯನ್ನು ಅಗಿದು ತಿನ್ನುತ್ತಿದ್ದ. ಹಾಗಲ್ಲ, ನುಂಗಬೇಕು ಎಂದು ಅವನಿಗೆ ತೋರಿಸಿಕೊಡಲು ಹೊರಟ ಇವನನ್ನು ಎಬ್ಬಿಸಿಕೊಂಡು ಬರುವಷ್ಟರಲ್ಲಿ ನನಗೆ ಸಾಕಾಗಿತ್ತು.

ಗುಂಡಿ, ಗಿರಣಿ, ನೊರೆ

ಪೀಣ್ಯದವರಾದ ನಮಗೆ ತಾಮ್ರವೆಂದರೆ ತಂತಿ, ತಗಡು, ಸಲಾಕೆ. ಲಾರಿಯಲ್ಲಿ ಬರುತ್ತದೆ, ಕತ್ತರಿಸುತ್ತೇವೆ. ಅದು ಎಲ್ಲಿಂದ ಬರುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಂಡಿರಲಿಲ್ಲ. ಚಿಲೇಶೆ ನಮ್ಮನ್ನು ಗುಂಡಿಯ ಅಂಚಿಗೆ ಕರೆದೊಯ್ದಳು. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗುಂಡಿ. ತಳದಲ್ಲಿ ಓಡಾಡುವ ಲಾರಿಗಳು ಗೊಬ್ಬರದ ಹುಳುಗಳ ಹಾಗೆ ಕಂಡವು. ಅವು ಏರಿ ನಮ್ಮ ಪಕ್ಕಕ್ಕೆ ಬಂದಾಗ ಒಂದೊಂದರ ಚಕ್ರವೇ ನಮ್ಮಿಬ್ಬರಿಗಿಂತ ಎತ್ತರ.

"ಇಷ್ಟೂ ತಾಮ್ರನಾ?" ಎಂದ ಮುನಿರಾಜು.

ಇಷ್ಟೂ ಕಲ್ಲು. ಅಲ್ಲಲ್ಲಿ ಹಸಿರು ಕಲೆ ಬಿಟ್ಟರೆ ನಮ್ಮ ಜಲ್ಲಿ ಕ್ರಷರಿನ ಕಲ್ಲಿಗೂ ಅದಕ್ಕೂ ವ್ಯತ್ಯಾಸ ಕಾಣದು. ಒಂದು ಲಾರಿ ಕಲ್ಲಿನೊಳಗಿನ ತಾಮ್ರವನ್ನೆಲ್ಲ ಒಟ್ಟು ಮಾಡಿದರೆ ಲಾರಿಯ ಒಂದು ಮೂಲೆಯೂ ತುಂಬುವುದಿಲ್ಲ. ಆ ಚೂರಿಗಾಗಿ ಎಲ್ಲವನ್ನೂ ಒಡೆಯಬೇಕು. ದವಡೆಯಂಥ ಯಂತ್ರದಲ್ಲಿ ಜಜ್ಜಿ, ಉಕ್ಕಿನ ಗುಂಡುಗಳು ತುಂಬಿದ ದೊಡ್ಡ ಪೀಪಾಯಿಯಲ್ಲಿ ನೀರಿನ ಜೊತೆ ಉರುಳಿಸಿ ಅರೆಯುತ್ತಾರೆ. ಆ ಪೀಪಾಯಿಯ ಸದ್ದಿನಲ್ಲಿ ಮುನಿರಾಜುವಿನ ಮಾತು ಕೇಳಿಸಲಿಲ್ಲ. ಇಡೀ ಪ್ರವಾಸದಲ್ಲಿ ನನಗೆ ನೆಮ್ಮದಿ ಕೊಟ್ಟ ಜಾಗ ಅದೊಂದೇ.

ಅಲ್ಲಿಂದ ಕಲ್ಲಿನ ಗಂಜಿ ಸಾಲು ತೊಟ್ಟಿಗಳಿಗೆ ಹರಿಯುತ್ತದೆ. ಅದಕ್ಕೆ ಒಂದಿಷ್ಟು ರಾಸಾಯನಿಕ ಬೆರೆಸಿ, ಕೆಳಗಿನಿಂದ ಗಾಳಿ ಊದುತ್ತಾರೆ. ತಾಮ್ರದ ಕಣಗಳು ಗುಳ್ಳೆಗಳಿಗೆ ಅಂಟಿಕೊಂಡು ಮೇಲೇಳುತ್ತವೆ; ಬರಿಯ ಕಲ್ಲು ತಳದಲ್ಲೇ ಉಳಿಯುತ್ತದೆ. ಬೇಳೆ ಬೇಯಿಸುವಾಗ ನಾವು ನೊರೆ ತೆಗೆದು ಚೆಲ್ಲುತ್ತೇವೆ. ಇಲ್ಲಿ ನೊರೆಯೇ ಬೇಕಾದದ್ದು, ಚೆಲ್ಲುವುದು ಉಳಿದಿದ್ದನ್ನು. ಕಪ್ಪು ಹಿತ್ತಾಳೆ ಬಣ್ಣದಲ್ಲಿ ಮಿನುಗುತ್ತಾ ಆ ನೊರೆ ತೊಟ್ಟಿಯ ಅಂಚಿನಿಂದ ಮಡಿಚಿ ಮಡಿಚಿ ಬೀಳುವುದನ್ನು ನೋಡುತ್ತಾ ನಾನು ಸ್ವಲ್ಪ ಹೊತ್ತು ಕೋಪ ಮರೆತು ನಿಂತೆ.

ನೊರೆ ಒಣಗಿ ಪುಡಿಯಾಗಿ ಕುಲುಮೆಗೆ ಹೋಗುತ್ತದೆ. ಅಲ್ಲಿ ಗಂಧಕ ಹೊಗೆಯಾಗಿ ಬಿಟ್ಟುಹೋಗುತ್ತದೆ. ಆ ಹೊಗೆಯನ್ನೂ ಹಿಡಿದು ಗಂಧಕಾಮ್ಲ ಮಾಡುತ್ತಾರೆ. ಕಬ್ಬಿಣ ಕಿಟ್ಟವಾಗಿ ತೇಲಿ ಬೇರೆಯಾಗುತ್ತದೆ. ಉಳಿದ ತಾಮ್ರವನ್ನು ದಪ್ಪ ಹಲಗೆಗಳಾಗಿ ಎರಕ ಹೊಯ್ದು, ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ, ಅದು ಕರಗಿ ಎದುರಿನ ತೆಳು ತಗಡಿಗೆ ಶುದ್ಧವಾಗಿ ಅಂಟುತ್ತದೆ. ಪೀಣ್ಯದ ಪ್ಲೇಟಿಂಗ್ ಅಂಗಡಿಯಲ್ಲಿ ಬೋಲ್ಟಿಗೆ ನಿಕಲ್ ಹತ್ತಿಸುವ ಹಾಗೆಯೇ, ಆದರೆ ಬಾಗಿಲಿನಗಲದ ತಗಡುಗಳು. ಈ ಎಲ್ಲ ಸರಪಳಿಯ ನಡುವೆ, ನೊರೆ ತೊಟ್ಟಿಗಳ ಕೆಳಗಿನ ಕತ್ತಲಲ್ಲಿ, ನಮ್ಮ ಪಂಪು ಕೂತಿತ್ತು.

ಪಂಪಿನ ಬಳಿ

ದುರಸ್ತಿ ವಿಭಾಗದ ಮುಖ್ಯಸ್ಥ ಬಾಂಡಾ ಎಂಬವರು ಅಲ್ಲಿ ಕಾಯುತ್ತಿದ್ದರು. ಎತ್ತರದ, ದಣಿದ ಮುಖದ ಮನುಷ್ಯ. ನಾನು ಈ ಬಾರಿ ಅವರ ಆರೋಗ್ಯ, ನಿದ್ದೆ, ಮಕ್ಕಳು ಎಲ್ಲವನ್ನೂ ವಿಚಾರಿಸಿದೆ. ಅವರು ಎಲ್ಲರೂ ಕ್ಷೇಮ ಎಂದು, "ಪಂಪು ನಡೆಸುವವ ನೀರಿನ ವಾಲ್ವ್ ಮುಚ್ಚಿಟ್ಟಿದ್ದ. ನೀವು ಅಷ್ಟನ್ನು ದೃಢಪಡಿಸಿದರೆ ಎಲ್ಲರಿಗೂ ಒಳ್ಳೆಯದು. ನಿಮ್ಮ ಸೀಲಿನ ಮೇಲೆ ಮಾತು ಬರುವುದಿಲ್ಲ" ಎಂದರು.

ನನಗೆ ಒಂದು ಕ್ಷಣ ಎದೆಯ ಭಾರ ಇಳಿಯಿತು. ಅದನ್ನು ಮುಚ್ಚಿಡುವುದಿಲ್ಲ.

ಪಂಪಿನ ದಂಡ ತಿರುಗುವ ಕಡೆ ಗಂಜಿ ಸೋರದಂತೆ ಹಗ್ಗದಂಥ ಸೀಲನ್ನು ಸುತ್ತಿರುತ್ತೇವೆ. ಅದರೊಳಗೆ ಸದಾ ಶುದ್ಧ ನೀರು ನುಗ್ಗುತ್ತಿರಬೇಕು. ನೀರು ನಿಂತರೆ ಕಲ್ಲಿನ ಪುಡಿ ಒಳಗೆ ಹೊಕ್ಕು, ಉಜ್ಜಿ, ಬಿಸಿಯಾಗಿ, ಸೀಲು ಸುಡುತ್ತದೆ. ಪಂಪು ಬಿಚ್ಚಿದೆ. ಸೀಲು ಇದ್ದಿಲಾಗಿತ್ತು. ದಂಡದ ಮೇಲಿನ ಉಕ್ಕಿನ ಸ್ಲೀವು ಕಾದು ನೀಲಿಗಟ್ಟಿತ್ತು. ನೀರು ಇರಲಿಲ್ಲ, ಅದು ಸ್ಪಷ್ಟ.

ಆದರೆ ಆ ವಾಲ್ವ್! ಅದು ಪೂರ್ತಿ ತೆರೆದೇ ಇತ್ತು. ಘಟನೆಯ ನಂತರ ಯಾರೋ ತೆರೆದಿರಬೇಕು ಎಂದರು ಬಾಂಡಾ. ಹತ್ತಿರದಿಂದ ನೋಡಿದೆ. ಎಂದೋ ಯಾರೋ ಇಡೀ ಪೈಪಿಗೆ ನೀಲಿ ಬಣ್ಣ ಬಳಿಯುವಾಗ ವಾಲ್ವಿನ ಹಿಡಿಗೂ ಸೇರಿಸಿ ಬಳಿದುಬಿಟ್ಟಿದ್ದರು. ಬಣ್ಣ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಒಮ್ಮೆ ತಿರುಗಿಸಿದ್ದರೂ ಅದು ಒಡೆದು ಉದುರಬೇಕಿತ್ತು. ಬಣ್ಣ ಬಳಿದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

"ಈ ನೀರು ಎಲ್ಲಿಂದ ಬರುತ್ತದೆ?" ಎಂದು ಚಿಲೇಶೆಯನ್ನು ಕೇಳಿದೆ. ಅವಳು ಬಾಂಡಾ ಅವರ ಮುಖ ನೋಡಿದಳು. ಅವರು ಗಡಿಯಾರ ನೋಡಿದರು. ನಾನು ಪೈಪು ಹಿಡಿದುಕೊಂಡು, ಬಾತುಕೋಳಿ ನಡಿಗೆಯಲ್ಲಿ, ಅದು ಹೋದಲ್ಲೆಲ್ಲ ಹೋದೆ. ಗೋಡೆಯಾಚೆ ಕಾಂಕ್ರೀಟಿನ ಕಟ್ಟೆಯ ಮೇಲೆ ಅದು ಮುಗಿಯಿತು; ತುದಿಗೆ ಪಕ್ಕದಿಂದ ಇನ್ನೊಂದು ಸಣ್ಣ ಪೈಪನ್ನು ಜೋಡಿಸಿದ್ದರು. ಕಟ್ಟೆಯ ಮೇಲೆ ನಾಲ್ಕು ಬೋಲ್ಟುಗಳು ನಿಂತಿದ್ದವು. ನೀರು ನೂಕುವ ಚಿಕ್ಕ ಪಂಪು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಬೋಲ್ಟಿಗೆ ತುಕ್ಕು ಹಿಡಿದಿತ್ತು.

ತಿರುಗಿ ನೋಡಿದರೆ ಮುನಿರಾಜು ಇಲ್ಲ. ಸಾಕ್ಷಿಗೆ ಒಬ್ಬ ಮನುಷ್ಯ ಬೇಕಾದ ಹೊತ್ತಿನಲ್ಲಿ ಅವನು ಮಾಯ. ಫೋನ್ ಮಾಡಿದೆ, ಎತ್ತಲಿಲ್ಲ. ಅಷ್ಟು ದೂರ ಟಿಕೆಟ್ ಮಾಡಿಸಿಕೊಂಡು ಬಂದ ಅವನನ್ನು ಮನಸ್ಸಿನಲ್ಲೇ ಬೈದೆ.

ಮುತಾಲೆಯ ಮನೆ

ಸಂಜೆ ಅವನು ಅತಿಥಿಗೃಹಕ್ಕೆ ಬಂದ, ಕೈಯಲ್ಲಿ ಒಂದು ಪಪ್ಪಾಯಿ ಹಿಡಿದುಕೊಂಡು.

"ಎಲ್ಲಿ ಸತ್ತಿದ್ದೆ?" ಎಂದೆ.

"ಬೈಬ್ಯಾಡಕ್ಕ. ಗಾಯ ಆದೋನ್ ಮನೇಗ್ ಹೋಗಿದ್ದೆ. ಊಟದ್ ತಾವ ಸಿಕ್ಕೋನು ಅವ್ನ್ ಭಾಮೈದ. ನಮ್ ಪಂಪಿಂದ ಅವ್ನ್ ಕೈಗ್ ಏಟಾಗ್ಯದೆ, ನೋಡ್ದೆ ಹೆಂಗ್ ವಾಪಸ್ ಹೋಗದು? ನಾಳೆ ನೀನೂ ಬಾ."

ನನಗೆ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಕಾರಣ, ಅವನು ಹೇಳಿದ್ದು ಸರಿಯಿತ್ತು. ವರದಿ ಬರೆಯುವ ಮೊದಲು ನಾನು ಆ ಮನುಷ್ಯನನ್ನು ಕೇಳಲೇಬೇಕಿತ್ತು.

ಮರುದಿನ ಹೋದೆವು. ಗಾಯಗೊಂಡ ಮುತಾಲೆಗೆ ನನ್ನದೇ ವಯಸ್ಸು. ತಗಡಿನ ಸೂರಿನ ಮನೆ, ಅಂಗಳದಲ್ಲಿ ಮಾವಿನ ಮರ. ಬಲಗೈ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಹೆಂಡತಿ ಕುರ್ಚಿ ತಂದಿಟ್ಟಳು. ತಾನು ಚಾಪೆಯ ಮೇಲೆ ಕೂತಳು. ಕುಶಲೋಪರಿ ಮುಗಿಯಲು ಬಹಳ ಹೊತ್ತು ಹಿಡಿಯಿತು. ಆ ದಿನ ನನಗೆ ಅವಸರವಾಗಲಿಲ್ಲ. ಕೇಳಬೇಕಾದ ಮಾತಿಗೆ ಧೈರ್ಯ ಸಾಲುತ್ತಿರಲಿಲ್ಲ.

"ನೀವು ಗೌರಮ್ಮನ ಮನೆಯವರಂತೆ" ಎಂದ ಮುತಾಲೆ, ಇಂಗ್ಲಿಷಿನಲ್ಲಿ.

ನಾನು ಬೆಚ್ಚಿದೆ. ಗೌರಮ್ಮ ನಮ್ಮ ತಾಯಿಯ ಹೆಸರು. ಪ್ರತಿ ಪಂಪಿನ ಹೊಟ್ಟೆಯ ಮೇಲೂ ಅದನ್ನು ಎರಕದಲ್ಲೇ ಮೂಡಿಸಿರುತ್ತೇವೆ. ಇಲ್ಲಿನವರು ಪಂಪಿಗೇ ಆ ಹೆಸರಿಟ್ಟುಬಿಟ್ಟಿದ್ದರು.

"ಆಕೆ ಜೀವಂತ ಇದ್ದಾರೆಯೇ?" ಎಂದು ಕೇಳಿದ.

ಇಲ್ಲ ಎಂದೆ. ಅವನು ತಲೆ ತಗ್ಗಿಸಿ ಏನೋ ಅಂದ. ಆಮೇಲೆ ತಾನಾಗಿಯೇ ಹೇಳಿದ. ನೀರಿನ ಪಂಪು ತೆಗೆದುಕೊಂಡು ಹೋದ ಮೇಲೆ ಬೇರೆ ಪೈಪಿನಿಂದ ಸಂಪರ್ಕ ಕೊಟ್ಟಿದ್ದರು. ಮಳೆ ಮುಗಿದ ಮೇಲೆ ಅದರಲ್ಲಿ ನೀರು ಬರುವುದು, ನಿಲ್ಲುವುದು. ಪ್ರತಿ ಪಾಳಿಯಲ್ಲೂ ಫೋನ್ ಮಾಡಿ ಹೇಳಿದ್ದ. ಪಂಪು ನಿಲ್ಲಿಸಬೇಡ, ಮೇಲೆ ಗಂಜಿಯ ತೊಟ್ಟಿ ತುಂಬಿದೆ ಎಂದಿದ್ದರು. ಆ ದಿನ ಹೊಗೆ ಬಂತು. ಸೋರುವುದನ್ನು ತಡೆಯಲು ಸೀಲಿನ ತಿರುಪು ಬಿಗಿಮಾಡಲು ಕೈ ಹಾಕಿದ. ಸಿಡಿಯಿತು. ಕಲ್ಲಿನ ಗಂಜಿ ಚರ್ಮವನ್ನು ಮರಳುಕಾಗದದ ಹಾಗೆ ಕಿತ್ತುಕೊಂಡು ಹೋಯಿತು.

"ನಾನು ವಾಲ್ವ್ ಮುಚ್ಚಿದೆ ಎಂದು ಬರೆದರೆ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ" ಎಂದ. ಬೇಡಿಕೊಳ್ಳುವ ಧ್ವನಿಯಲ್ಲ. ನನಗೆ ಗೊತ್ತಿರಲಿ ಎಂದು ಹೇಳಿದ ಹಾಗಿತ್ತು.

ಸಭೆ

ಉದ್ದ ಮೇಜು. ಗೋಡೆಯ ಪರದೆಯ ಮೇಲೆ ಇನ್ಯಾವುದೋ ದೇಶದ ಕಚೇರಿಯಲ್ಲಿ ಕೂತ, ಗಣಿ ಕಂಪನಿಯ ಇಬ್ಬರು ದೊಡ್ಡವರು. ಸಂಪರ್ಕ ಮೂರು ಸಲ ಕಡಿದು ಹೋಯಿತು, ಮೂರು ಸಲವೂ ಎಲ್ಲರೂ ಮತ್ತೆ ಕುಶಲ ವಿಚಾರಿಸಿಕೊಂಡರು.

ಬಾಂಡಾ ಎದ್ದು ನಿಂತು ಪಂಪು ನಡೆಸುವವನ ತಪ್ಪೆಂದು ಹೇಳಿದರು. ತಯಾರಕರೂ ಇದನ್ನು ಒಪ್ಪುತ್ತಾರೆ ಎಂದು ನನ್ನ ಕಡೆ ಕೈ ತೋರಿಸಿದರು.

ಹೌದು ಎಂದರೆ ಮುಗಿಯುತ್ತಿತ್ತು. ಶೆಡ್ಡಿನ ಕೆಲಸ ಉಳಿಯುತ್ತಿತ್ತು. ಪಕ್ಕದಲ್ಲಿದ್ದ ಮುನಿರಾಜು, ಇಂಗ್ಲಿಷ್ ಅರ್ಧ ಅರ್ಥವಾಗಿ, "ಏನಂತವ್ರೆ ಅಕ್ಕ? ಅವ್ನ್ ಮೇಲೇ ಆಕ್ತಾವ್ರಾ?" ಎಂದು ಪಿಸುಗುಟ್ಟಿದ. ಸುಮ್ನಿರು ಎಂದೆ. ಸುಮ್ಮನಿರಲಿಲ್ಲ. "ಇಂಗೆಲ್ಲಾ ಮಾಡಿದ್ರೆ ಸರಿಯಾಗಲ್ಲ, ಹೇಳ್ಬುಡು" ಎಂದ.

ನಾನು ಹೇಳಲೆಂದೇ ಬಾಯಿ ತೆರೆದಿದ್ದೆ. ಈಗ ಇವನು ಹೇಳಿಸಿದ ಹಾಗಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಸುಟ್ಟ ಸೀಲನ್ನು ಮೇಜಿನ ಮೇಲಿಟ್ಟೆ. ಬಣ್ಣ ಒಡೆಯದ ವಾಲ್ವಿನ ಚಿತ್ರ ತೋರಿಸಿದೆ. ನಾಲ್ಕು ಬೋಲ್ಟುಗಳ ಚಿತ್ರ ತೋರಿಸಿದೆ. "ವಾಲ್ವ್ ತೆರೆದೇ ಇತ್ತು. ಅದರ ಹಿಂದೆ ನೀರು ನೂಕಲು ಪಂಪಿರಲಿಲ್ಲ. ನನ್ನ ವರದಿಯಲ್ಲಿ ಇಷ್ಟೇ ಇರುತ್ತದೆ. ಮುತಾಲೆಯ ತಪ್ಪು ಎಂಬ ಮಾತು ಇರುವುದಿಲ್ಲ."

ಪರದೆಯ ಮೇಲಿನವರು ಚಿತ್ರ ನಿಂತುಹೋದ ಹಾಗೆ ಕೂತಿದ್ದರು. ಮತ್ತೆ ಸಂಪರ್ಕ ಕಡಿದಿದೆ ಎಂದುಕೊಂಡೆ. ಕಡಿದಿರಲಿಲ್ಲ.

ವಾಪಸಾಗುವ ರಸ್ತೆ

ನಮ್ಮನ್ನು ವಿಮಾನ ನಿಲ್ದಾಣಕ್ಕೆ ಬಿಡಲು ವ್ಯಾನು ಬರಲಿಲ್ಲ. ಬಾಂಡಾ ತಮ್ಮ ಸ್ವಂತ ಕಾರು ತಂದರು. ಅರ್ಧ ದಾರಿ ಕಳೆಯಿತು. ಮುನಿರಾಜು ಹಿಂದೆ ಗೊರಕೆ ಹೊಡೆಯುತ್ತಿದ್ದ.

"ಆ ನೀರಿನ ಪಂಪನ್ನು ದುರಸ್ತಿಗೆ ಕಳಿಸಿದ್ದು ನಾನೇ" ಎಂದರು ಬಾಂಡಾ ಇದ್ದಕ್ಕಿದ್ದ ಹಾಗೆ. "ಅದರ ಬದಲಿಗೆ ಬೇರೆ ಕೊಡಿ ಎಂದು ಕೇಳುತ್ತಲೇ ಇದ್ದೆ. ಕೇಳಿದಾಗಲೆಲ್ಲ, ತಾಮ್ರ ಬರುವುದು ನಿಂತಿದೆಯೇ ಎನ್ನುತ್ತಿದ್ದರು. ನಿಂತಿಲ್ಲ ಎನ್ನುತ್ತಿದ್ದೆ. ಹಾಗಾದರೆ ಆಮೇಲೆ ನೋಡೋಣ ಎನ್ನುತ್ತಿದ್ದರು. ನಾನು ಬರೆದರೆ ಅದು ದೂರು. ನೀವು ಬರೆದರೆ ವರದಿ. ಇಂದು ಬೆಳಿಗ್ಗೆ ಹೊಸ ನೀರಿನ ಪಂಪಿಗೆ ಒಪ್ಪಿಗೆ ಬಂತು."

"ಇದನ್ನು ಮೊದಲ ದಿನವೇ ಹೇಳಬಾರದಿತ್ತೇ?" ಎಂದೆ. ನನ್ನ ಧ್ವನಿಗೆ ಮುನಿರಾಜು ಎಚ್ಚರಗೊಂಡ. "ಮುತಾಲೆಯ ಮೇಲೆ ಯಾಕೆ ಹಾಕಿದಿರಿ?"

"ನನಗೂ ಮನೆಯಿದೆ" ಎಂದರು.

"ನಾನು ನಿಮ್ಮ ಮಾತಿಗೆ ಹೂಂ ಅಂದುಬಿಟ್ಟಿದ್ದರೆ?"

 ಎದುರಿನಿಂದ ತಾಮ್ರದ ತಗಡು ಹೇರಿಕೊಂಡ ಲಾರಿಗಳ ಸಾಲು ಬರುತ್ತಿತ್ತು. ಅವು ದಾಟಿ ಹೋಗುವವರೆಗೂ ಬಾಂಡಾ ಕಾರನ್ನು ಬದಿಗೆ ನಿಲ್ಲಿಸಿಕೊಂಡರು. ನಿಲ್ದಾಣದಲ್ಲಿ ಕೈಕುಲುಕಿ, "ನಿಮ್ಮ ಪಂಪು ಒಳ್ಳೆಯದು. ಆದರೆ ಇನ್ನು ನಿಮ್ಮನ್ನು ಕರೆಯುವುದಿಲ್ಲ, ನಿಮಗೆ ಗೊತ್ತಿರಲಿ" ಎಂದರು. ನಾನು ಕೈ ಬಿಡಿಸಿಕೊಂಡೆ. ಈಗಲೂ ಆ ಮನುಷ್ಯನ ಮೇಲೆ ನನ್ನ ಸಿಟ್ಟು ಇಳಿದಿಲ್ಲ.

ಪೀಣ್ಯ

ಶಿವು ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಶೆಡ್ಡಿನ ಬಾಗಿಲಲ್ಲೇ ಕೂತಿದ್ದ. ಹೊರಗೆ ರಸ್ತೆಯಲ್ಲಿ ಒಳಚರಂಡಿಗೆಂದು ಮತ್ತೆ ಅಗೆದಿದ್ದರು. ಎದುರಿನ ಪ್ರೆಸ್ ಅಂಗಡಿ ದಢದಢ ಎನ್ನುತ್ತಿತ್ತು. ಒಳಗೆ ಆ ಗಣಿಗಾಗಿಯೇ ಎರಕ ಹೊಯ್ದ ಎರಡು ಪಂಪುಗಳು ಬಣ್ಣಕ್ಕೆ ಕಾಯುತ್ತಿದ್ದವು.

ನಾನು ಬರುವ ಮೊದಲೇ ಮೇಲ್ ಬಂದಿತ್ತು. ಮುಂದಿನ ಆರ್ಡರುಗಳು ರದ್ದು. ಕಾರಣ ಬರೆದಿರಲಿಲ್ಲ.

"ಏನಕ್ಕ ಇದು? ಸೀಲು ನಮ್ದು ಸರಿಯಾಗೇ ಇತ್ತಲ್ವಾ?"

"ಸರಿಯಾಗೇ ಇತ್ತು."

"ಮತ್ತೆ? ಹೋಗಿ ಏನ್ ಮಾಡ್ಬಿಟ್ಟು ಬಂದೆ?"

ಮುನಿರಾಜು ನನ್ನ ಪರವಾಗಿ ಏನೋ ಹೇಳಲು ಹೊರಟ. ನಾನು ಕೈ ಎತ್ತಿ ತಡೆದೆ. ಅಷ್ಟರಲ್ಲಿ ನನ್ನ ಫೋನಿಗೆ ಚಿಲೇಶೆಯ ಸಂದೇಶ ಬಂತು. ನಾನು ಹೇಗಿದ್ದೇನೆ, ಪ್ರಯಾಣ ಹೇಗಿತ್ತು, ಮನೆಯವರು ಕ್ಷೇಮವೇ ಎಂದು ಉದ್ದಕ್ಕೆ ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದಳು. ಅದನ್ನು ಓದಿ ಜೋರಾಗಿ ಹೇಳಿದೆ, "ಮುತಾಲೆನ ಕೆಲಸದಲ್ಲಿ ಉಳಿಸ್ಕೊಂಡ್ರಂತೆ. ಕೈ ವಾಸಿ ಆಗೋವರೆಗೂ ಕೂತು ಮಾಡೋ ಕೆಲಸ ಕೊಟ್ಟಿದಾರಂತೆ."

ಮುನಿರಾಜು ಚಪ್ಪಾಳೆ ಹೊಡೆದ. ಶಿವು ನಮ್ಮಿಬ್ಬರ ಮುಖವನ್ನೂ ನೋಡಿದ.

"ಯಾರಕ್ಕ ಅದು, ಮುತಾಲೆ?"

"ನಮ್ ಪಂಪ್ ಓಡ್ಸೋನು ಕಣೋ" ಎಂದೆ.